ರೋಜ್‌ಕಿರ್ದಿಗೆ ಏರದ ಜಮೆ: ಮೇಲಿನ ಕುರ್ಚಿಯಲ್ಲಿ ಕೂತವರು ದಿನವೂ ಬರೆಯಬಹುದಾದ ಇನ್ನೊಂದು ಲೆಕ್ಕ

ದಾವಣಗೆರೆಯ ದಲಾಲಿ ಮಂಡಿಗಳಲ್ಲಿ ಕಂಪ್ಯೂಟರ್ ಬರುವ ಮುಂಚೆ ಎರಡು ಪುಸ್ತಕಗಳಿಲ್ಲದೆ ವ್ಯಾಪಾರ ನಡೆಯುತ್ತಿರಲಿಲ್ಲ. ಒಂದು ರೋಜ್‌ಕಿರ್ದಿ, ಇನ್ನೊಂದು ಖತಾವಣಿ. ಬೆಳಿಗ್ಗೆ ಅಂಗಡಿ ತೆಗೆದಾಗಿನಿಂದ ರಾತ್ರಿ ಗಲ್ಲಾ ಪೆಟ್ಟಿಗೆ ಮುಚ್ಚುವವರೆಗಿನ ಜಮಾ ಖರ್ಚೆಲ್ಲ ನಡೆದ ಕ್ರಮದಲ್ಲೇ ರೋಜ್‌ಕಿರ್ದಿಗೆ ಏರುತ್ತಿತ್ತು. ಆಮೇಲೆ ಬಿಡುವಾದಾಗ ಗುಮಾಸ್ತರು ಅವೇ ನಮೂದುಗಳನ್ನು ಆಯಾ ರೈತನ, ಆಯಾ ಖರೀದಿದಾರನ, ಆಯಾ ಹಮಾಲನ ಹೆಸರಿನ ಪುಟಕ್ಕೆ ಎತ್ತಿ ಬರೆಯುತ್ತಿದ್ದರು. ಕಿರ್ದಿ ನೋಡಿದರೆ ದಿನ ಗೊತ್ತಾಗುತ್ತದೆ, ಖತಾವಣಿ ನೋಡಿದರೆ ಮನುಷ್ಯ ಗೊತ್ತಾಗುತ್ತಾನೆ ಎಂದು, ಮಂಡಿಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದ ನನ್ನ ತಂದೆ ಹೇಳುತ್ತಿದ್ದರು.

ಒಂದು ನವೆಂಬರಿನ ಘಟನೆ ನನಗೆ ಚೆನ್ನಾಗಿ ನೆನಪಿದೆ. ಮೆಕ್ಕೆಜೋಳದ ಆವಕ ಜೋರಾಗಿದ್ದು, ಪ್ರಾಂಗಣದಲ್ಲಿ ರಾಶಿಗಳನ್ನು ಒಣಗಲು ಹರವಿದ್ದರು. ನಡುರಾತ್ರಿ ಅಕಾಲದ ಮಳೆ ಬಂದಾಗ, ಅಲ್ಲೇ ಚೀಲಗಳ ಮೇಲೆ ಮಲಗಿದ್ದ ಇಬ್ಬರು ಹಮಾಲರು ಎದ್ದು, ಯಾರೂ ಹೇಳದೆ, ತಾಡಪಾಲು ಎಳೆದು ಅಂಚಿಗೆ ಕಲ್ಲು ಹೇರಿ ಮಾಲು ಉಳಿಸಿದರು. ಮರುದಿನದ ರೋಜ್‌ಕಿರ್ದಿಯಲ್ಲಿ ಚಹಾದ ಖರ್ಚಿತ್ತು, ಸುತಳಿ ಹುರಿಯ ಖರ್ಚಿತ್ತು, ಹರಿದ ತಾಡಪಾಲು ಹೊಲಿಸಿದ ಕೂಲಿಯೂ ಇತ್ತು. ತಾಡಪಾಲು ಎಳೆದವರ ಹೆಸರು ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ, ಏಕೆಂದರೆ ಆಗದೆ ಹೋದ ನಷ್ಟಕ್ಕೆ ಯಾವ ಲೆಕ್ಕದ ಪುಸ್ತಕದಲ್ಲೂ ಕಾಲಂ ಇರುವುದಿಲ್ಲ.

ಮೇಲಿನ ಸ್ಥಾನದಲ್ಲಿರುವವರು ದಿನನಿತ್ಯದ ಕೃತಜ್ಞತೆಯ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕು ಎಂಬ ಮಾತು ಈಗ ನಿರ್ವಹಣಾ ತರಬೇತಿಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಹಾಗೆಂದರೆ ಏನು, ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೆಡುತ್ತದೆ ಎಂಬುದನ್ನು ಈ ಎರಡು ಪುಸ್ತಕಗಳ ಮೂಲಕವೇ ವಿವರಿಸಲು ಯತ್ನಿಸುತ್ತೇನೆ. ನಾನು ಇದೇ ಊರಿನ ಒಂದು ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿ. ನನ್ನ ಕೈಕೆಳಗೆ 14 ಮಂದಿ ಇದ್ದಾರೆ. ದೊಡ್ಡ ನಾಯಕತ್ವವೇನಲ್ಲ. ಆದರೆ ಶಾಲೆಯ ಮುಖ್ಯೋಪಾಧ್ಯಾಯಿನಿಗಾಗಲಿ, ಅಕ್ಕಿ ಗಿರಣಿಯ ಮೇಸ್ತ್ರಿಗಾಗಲಿ, ಆಸ್ಪತ್ರೆಯ ಹಿರಿಯ ದಾದಿಗಾಗಲಿ ಎದುರಾಗುವ ತೊಡಕು ಇಲ್ಲಿಯದೇ ಆದ್ದರಿಂದ ಈ ಅಳತೆ ಸಾಕು.

ಮೊದಲು ಪದವನ್ನೇ ಬಿಡಿಸಿ ನೋಡೋಣ. ಕೃತ ಎಂದರೆ ಮಾಡಲ್ಪಟ್ಟದ್ದು, ಜ್ಞ ಎಂದರೆ ತಿಳಿದವನು. ತನಗಾಗಿ ಏನು ಮಾಡಲ್ಪಟ್ಟಿದೆ ಎಂಬುದನ್ನು ಬಲ್ಲವನು ಕೃತಜ್ಞ. ಪದದಲ್ಲಿ ಹೇಳುವ ಮಾತೇ ಇಲ್ಲ, ತಿಳಿಯುವ ಮಾತಿದೆ. ನಮ್ಮ ಮನೆಗಳಲ್ಲಿ ಊಟ ಬಡಿಸಿದ ತಾಯಿಗೆ ಧನ್ಯವಾದ ಹೇಳಿದರೆ ಅವಳು ಮಗನಿಗೆ ಏನಾಯಿತೋ ಎಂದು ಗಾಬರಿಯಾದಾಳು. ಧನ್ಯವಾದ ಎಂಬುದು ನಮಗೆ ವೇದಿಕೆಯ ಮಾತು, ವಂದನಾರ್ಪಣೆಯ ಮಾತು. ದಿನಬಳಕೆಯಲ್ಲಿ ನಾವು ಹೇಳುವುದು 'ನಿಮ್ಮಿಂದ ದೊಡ್ಡ ಉಪಕಾರ ಆಯ್ತು', 'ನೀನಿದ್ದಿದ್ದಕ್ಕೆ ಬಚಾವಾದೆ' ಎಂದು. ಈ ಎರಡೂ ವಾಕ್ಯಗಳಲ್ಲಿ ಎದುರಿನವನು ಮಾಡಿದ ಕೆಲಸವೂ ಅದರಿಂದಾದ ಪರಿಣಾಮವೂ ಅಡಕವಾಗಿವೆ ಎಂಬುದನ್ನು ಗಮನಿಸಬೇಕು. ಆದ್ದರಿಂದ ಕೃತಜ್ಞತೆಯ ಅಭ್ಯಾಸವೆಂದರೆ ದಿನಕ್ಕೆ ಇಷ್ಟು ಸಲ ಥ್ಯಾಂಕ್ಸ್ ಹೇಳುವ ಅಭ್ಯಾಸ ಎಂದು ತಿಳಿದು ಆರಂಭಿಸಿದವರು ಹದಿನೈದು ದಿನದಲ್ಲಿ ಕೈಬಿಡುತ್ತಾರೆ. ಅದು ಮೂಲತಃ ಮಾಹಿತಿಯ ಪ್ರಶ್ನೆ: ಈ ದಿನ ಯಾರು ಏನು ಮಾಡಿದ್ದರಿಂದ ನನ್ನ ಕೆಲಸ ಸಾಗಿತು ಎಂಬುದು ನನಗೆ ತಿಳಿದಿದೆಯೇ?

ಅಧಿಕಾರ ಬಂದಂತೆ ಈ ಮಾಹಿತಿ ಕಡಿಮೆಯಾಗುತ್ತ ಹೋಗುವುದು ಸೋಜಿಗದ ಸಂಗತಿ. ಒಂದು ಕಾರಣ ಸರಳ. ಮೇಲಿನ ಕುರ್ಚಿಗೆ ಬರುವ ಕಾಗದಗಳೆಲ್ಲ ತಪ್ಪಿನ ಕಾಗದಗಳೇ ಆಗಿರುತ್ತವೆ. ನಗದು ತಾಳೆಯಾಗದಿದ್ದರೆ ನನಗೆ ಸುದ್ದಿ ಬರುತ್ತದೆ, ತಾಳೆಯಾದ 29 ದಿನಗಳ ಸುದ್ದಿ ಬರುವುದಿಲ್ಲ. ಕೆಟ್ಟದ್ದು ಒಳ್ಳೆಯದಕ್ಕಿಂತ ಮನಸ್ಸಿನಲ್ಲಿ ಆಳವಾಗಿ ಊರುತ್ತದೆ ಎಂಬುದನ್ನು ಮನೋವಿಜ್ಞಾನಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 2001ರಲ್ಲಿ ಅನೇಕ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೋರಿಸಿದ್ದರು. ಕಚೇರಿಯ ವ್ಯವಸ್ಥೆಯೂ ಅದೇ ದಿಕ್ಕಿಗೆ ವಾಲಿದ್ದರೆ ಮೇಲಧಿಕಾರಿಯ ಕಣ್ಣಿಗೆ ತನ್ನ ಸಿಬ್ಬಂದಿಯೆಲ್ಲ ತಪ್ಪು ಮಾಡುವವರಂತೆಯೇ ಕಾಣತೊಡಗುತ್ತಾರೆ. ಇನ್ನೊಂದು ಕಾರಣ ರೂಢಿ: ಚೆನ್ನಾಗಿ ನಡೆಯುತ್ತಿರುವುದಕ್ಕೆ ನಾವು ಬೇಗ ಒಗ್ಗಿಹೋಗುತ್ತೇವೆ, ಒಗ್ಗಿದ್ದು ಕಾಣುವುದಿಲ್ಲ. ಮೂರನೆಯ ಕಾರಣವನ್ನು ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟ. ಎರಿಕ್ ಆನಿಸಿಚ್ ಮತ್ತು ಸಹ ಸಂಶೋಧಕರು ಕೆಲವು ವರ್ಷಗಳ ಹಿಂದೆ ವಿದ್ವತ್ ಪ್ರಬಂಧಗಳಲ್ಲಿನ ಕೃತಜ್ಞತಾ ಟಿಪ್ಪಣಿಗಳನ್ನೂ ವಿಕಿಪೀಡಿಯ ಸಂಪಾದಕರ ಪರಸ್ಪರ ಮಾತುಗಳನ್ನೂ ಪರಿಶೀಲಿಸಿ, ಹೆಚ್ಚು ಅಧಿಕಾರವಿರುವವರು ಕಡಿಮೆ ಅಧಿಕಾರವಿರುವವರಿಗಿಂತ ಕಡಿಮೆ ಕೃತಜ್ಞತೆ ವ್ಯಕ್ತಪಡಿಸುತ್ತಾರೆ ಎಂದು ಕಂಡುಕೊಂಡರು. ಕೆಳಗಿನವರು ಮಾಡಿದ್ದು ತನಗೆ ಸಲ್ಲಬೇಕಾದದ್ದೇ ಎಂಬ ಭಾವನೆ ಇದರ ಹಿಂದಿದೆ. ನಮ್ಮ ಕಡೆ ಇದನ್ನು 'ಸಂಬಳ ಕೊಡಲ್ವಾ' ಎಂಬ ಎರಡೇ ಪದಗಳಲ್ಲಿ ಮುಗಿಸುತ್ತಾರೆ.

ಈ ಮೂರೂ ಕಾರಣಗಳು ಕೂಡಿ ಏನಾಗುತ್ತದೆ ಎಂಬುದಕ್ಕೆ ನನ್ನದೇ ಉದಾಹರಣೆ ಕೊಡುತ್ತೇನೆ. ಒಂದು ವರ್ಷ ಸರ್ವಸದಸ್ಯರ ಸಭೆಯಲ್ಲಿ ವಂದನಾರ್ಪಣೆ ನನ್ನ ಪಾಲಿಗೆ ಬಂತು. ಅಧ್ಯಕ್ಷರು, ನಿರ್ದೇಶಕರು, ಲೆಕ್ಕಪರಿಶೋಧಕರು, ಅಡುಗೆಯವರು, ಧ್ವನಿವರ್ಧಕದವರು, ಶಾಮಿಯಾನದವರು ಎಲ್ಲರನ್ನೂ ಚೀಟಿ ಹಿಡಿದು ನೆನೆದೆ. ಹಳೆಯ ಲೆಡ್ಜರುಗಳನ್ನು ಕಂಪ್ಯೂಟರಿಗೆ ಏರಿಸಲು ಎರಡು ತಿಂಗಳು ರಾತ್ರಿ ಎಂಟರವರೆಗೆ ಕೂತಿದ್ದ ನಮ್ಮ ಲೆಕ್ಕಿಗರ ಹೆಸರು ಚೀಟಿಯಲ್ಲಿರಲಿಲ್ಲ. ಸಭೆ ಮುಗಿದ ಮೇಲೆ ನೆನಪಾಗಿ ಕ್ಷಮೆ ಕೇಳಲು ಹೋದರೆ ಆಕೆ ನಗುತ್ತಲೇ, 'ಇರ್ಲಿ ಬಿಡಿ ಸಾರ್, ಶಾಮಿಯಾನದವ್ರಿಗಾದ್ರೂ ಹೇಳಿದ್ರಲ್ಲ' ಎಂದರು. ನನಗೆ ಆಕೆಯ ಮೇಲೆ ಗೌರವವಿರಲಿಲ್ಲವೆಂದಲ್ಲ. ಎರಡು ತಿಂಗಳು ಪ್ರತಿದಿನವೂ ಕಂಡದ್ದು ನನಗೆ ಗೋಡೆಯ ಗಡಿಯಾರದಷ್ಟೇ ಸಹಜವಾಗಿಬಿಟ್ಟಿತ್ತು, ಒಂದೇ ದಿನ ಬಂದ ಶಾಮಿಯಾನ ಕಣ್ಣಿಗೆ ಬಿದ್ದಿತ್ತು.

ಬರೆಯುವ ಅಭ್ಯಾಸ ಈ ಕುರುಡನ್ನು ಕಳೆಯುತ್ತದೆಯೇ? ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕ್ಕಲ್ಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಎಲ್ಲರೂ ಹಿಂದಿರುಗುವ ಮೊದಲ ಮೆಟ್ಟಿಲು. ವಿದ್ಯಾರ್ಥಿಗಳ ಮೂರು ಗುಂಪು ಮಾಡಿ, ಒಂದು ಗುಂಪು ವಾರಕ್ಕೊಮ್ಮೆ ಕೃತಜ್ಞತೆ ಹುಟ್ಟಿಸಿದ ಸಂಗತಿಗಳನ್ನೂ, ಇನ್ನೊಂದು ಕಿರಿಕಿರಿಗಳನ್ನೂ, ಮತ್ತೊಂದು ಸಾಮಾನ್ಯ ಘಟನೆಗಳನ್ನೂ ಬರೆಯುವಂತೆ ಹೇಳಿದಾಗ, ಸುಮಾರು 10 ವಾರಗಳ ಕೊನೆಗೆ ಮೊದಲ ಗುಂಪಿನವರು ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನದಿಂದ ಮಾತಾಡಿದರು. 2005ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸಂಗಡಿಗರು, ಒಂದು ವಾರ ಪ್ರತಿ ರಾತ್ರಿ ಆ ದಿನದ ಮೂರು ಒಳ್ಳೆಯ ಸಂಗತಿಗಳನ್ನು ಅವುಗಳ ಕಾರಣಸಹಿತ ಬರೆದವರಲ್ಲಿ ಅದರ ಪರಿಣಾಮ 6 ತಿಂಗಳವರೆಗೂ ಉಳಿದದ್ದನ್ನು ವರದಿ ಮಾಡಿದರು. ಅಲ್ಲಿನ 'ಕಾರಣಸಹಿತ' ಎಂಬ ಷರತ್ತನ್ನು ಜನ ಮರೆಯುತ್ತಾರೆ. ನನ್ನ ಮಟ್ಟಿಗೆ ಅಭ್ಯಾಸದ ಜೀವ ಇರುವುದೇ ಅಲ್ಲಿ.

ಆದರೆ ಇದನ್ನು ಸಂಜೀವಿನಿ ಎಂದು ಮಾರುವವರ ಮಾತನ್ನು ನಂಬಬಾರದು. ಮುಂದೆ ಇಂಥ ಅನೇಕ ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡಿದವರು, ಖಿನ್ನತೆ ಮತ್ತು ಆತಂಕದ ಮೇಲೆ ಈ ಬರವಣಿಗೆಯ ಪರಿಣಾಮ ಸಣ್ಣದು ಎಂದೇ ಹೇಳಿದ್ದಾರೆ. ಸೋನ್ಯಾ ಲ್ಯುಬೊಮಿರ್ಸ್ಕಿ ಅವರ ಪ್ರಯೋಗವೊಂದರಲ್ಲಿ 6 ವಾರಗಳ ಕಾಲ ವಾರಕ್ಕೊಮ್ಮೆ ಬರೆದವರಿಗೆ ಲಾಭವಾಯಿತು, ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ಹಾಗಾದರೆ ದಿನವೂ ಬರೆಯುವುದು ವ್ಯರ್ಥವೇ? 'ಆರೋಗ್ಯ, ಕುಟುಂಬ, ಒಳ್ಳೆಯ ಸಿಬ್ಬಂದಿ' ಎಂದು ದಿನವೂ ಅದೇ ಪಟ್ಟಿ ಬರೆದರೆ ಖಂಡಿತ ವ್ಯರ್ಥ; ಅದು ಅರ್ಥ ತಿಳಿಯದೆ ಹೇಳುವ ಮಗ್ಗಿಯಂತಾಗುತ್ತದೆ. ಇಲ್ಲಿಯೇ ಮಂಡಿಯ ಎರಡು ಪುಸ್ತಕಗಳ ಪದ್ಧತಿ ನನಗೆ ದಾರಿ ತೋರಿಸಿತು. ಗಮನಿಸುವುದು ದಿನದ ಕೆಲಸ, ತೂಗಿ ನೋಡುವುದು ವಾರದ ಕೆಲಸ.

ಕಿರ್ದಿಯ ಕ್ರಮ ಹೀಗಿದೆ. ಸಂಜೆ ಕಚೇರಿ ಬಿಡುವ ಮೊದಲು, ನಗದು ತಾಳೆಯಾದ ಮೇಲೆ, ಒಂದು ರೂಲ್ ಪುಸ್ತಕದಲ್ಲಿ ಒಂದೇ ಒಂದು ನಮೂದು ಬರೆಯುತ್ತೇನೆ. ಅದರಲ್ಲಿ ಮೂರು ಸಂಗತಿಗಳು ಇರಲೇಬೇಕು: ಯಾರು, ಏನು ಮಾಡಿದರು, ಮಾಡದಿದ್ದರೆ ಏನಾಗುತ್ತಿತ್ತು. ಮನೆಗೆ ಹೋಗಿ ಬರೆಯುತ್ತೇನೆ ಎಂದುಕೊಂಡ ದಿನ ಬರೆದದ್ದೇ ಇಲ್ಲ. ನಗದು ತಾಳೆ ಎಂಬ, ಹೇಗೂ ತಪ್ಪಿಸಲಾಗದ ಕೆಲಸದ ಬಾಲಕ್ಕೆ ಇದನ್ನು ಕಟ್ಟಿದ ಮೇಲೆಯೇ ಇದು ನಿಂತಿತು. ಹೋದ ಮಳೆಗಾಲದ ಒಂದು ನಮೂದನ್ನು ಇದ್ದಂತೆಯೇ ಕೊಡುತ್ತೇನೆ: 'ಕ್ಯಾಷಿಯರ್. ಮುದ್ದತು ಠೇವಣಿ ಅವಧಿಗೆ ಮೊದಲೇ ಬಿಡಿಸಲು ಬಂದ ಅಜ್ಜಿಯನ್ನು ಕೂರಿಸಿ, ನೀರು ಕೊಟ್ಟು, ದುಡ್ಡು ಯಾರಿಗೆ, ಯಾಕೆ ಎಂದು ಎರಡು ಸಲ ಕೇಳಿದರು. ಕೇಳದಿದ್ದರೆ ಫೋನಿನಲ್ಲಿ ಯಾರೋ ಹೆದರಿಸಿ ಹೇಳಿದ ಖಾತೆಗೆ 80,000 ರೂಪಾಯಿ ಹೋಗುತ್ತಿತ್ತು.' ಆ ದಿನದ ಅಧಿಕೃತ ದಾಖಲೆಯಲ್ಲಿ ಈ ವ್ಯವಹಾರದ ಸುಳಿವೇ ಇಲ್ಲ, ಏಕೆಂದರೆ ವ್ಯವಹಾರ ನಡೆಯಲೇ ಇಲ್ಲ.

ಮೂರನೆಯ ಪ್ರಶ್ನೆಯನ್ನು ನಾನು ಸುಮ್ಮನೆ ಸೇರಿಸಿದ್ದಲ್ಲ. ಒಂದು ಒಳ್ಳೆಯ ಸಂಗತಿ ಹೇಗೆ ನಡೆಯಿತು ಎಂದು ಯೋಚಿಸುವುದಕ್ಕಿಂತ, ಅದು ನಡೆಯದೆಯೂ ಹೋಗಬಹುದಾಗಿತ್ತು ಎಂದು ಕಲ್ಪಿಸಿಕೊಂಡಾಗ ಮನಸ್ಸು ಹೆಚ್ಚು ಅರಳುತ್ತದೆ ಎಂದು 2008ರ ಒಂದು ಅಧ್ಯಯನದಲ್ಲಿ ಮಿಂಕ್ಯುಂಗ್ ಕೂ ಮತ್ತು ಸಂಗಡಿಗರು ತೋರಿಸಿದರು. ರೂಢಿಯಿಂದ ಮಸುಕಾದದ್ದಕ್ಕೆ ಇದು ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಾಗೆ. 'ಅಟೆಂಡರ್ ಬೆಳಿಗ್ಗೆ ಬೀಗ ತೆಗೆದರು' ಎಂಬುದು ಏನೂ ಅಲ್ಲ. 'ತೆಗೆಯದಿದ್ದರೆ' ಎಂದು ಮುಂದುವರಿಸಿದ ಕೂಡಲೇ, ಸಾಲದ ಕಂತು ಕಟ್ಟಿ ಹತ್ತೂವರೆಯ ಬಸ್ಸಿಗೆ ಹಳ್ಳಿಗೆ ಮರಳಬೇಕಾದ ನಾಲ್ಕು ಜನ ಬಾಗಿಲಲ್ಲಿ ನಿಂತದ್ದು ಕಣ್ಣಿಗೆ ಕಟ್ಟುತ್ತದೆ.

ಖತಾವಣಿ ಶನಿವಾರದ ಕೆಲಸ. ಪುಸ್ತಕದ ಹಿಂಬದಿಯಿಂದ 14 ಜನರಿಗೂ ಒಂದೊಂದು ಪುಟ ಬಿಟ್ಟಿದ್ದೇನೆ, ವಾರದ ನಮೂದುಗಳನ್ನು ಆಯಾ ಹೆಸರಿಗೆ ಎತ್ತಿ ಬರೆಯುತ್ತೇನೆ. ಹತ್ತು ನಿಮಿಷದ ಕೆಲಸ, ಆದರೆ ಇಡೀ ಅಭ್ಯಾಸದಲ್ಲಿ ನನ್ನನ್ನು ನಾಚಿಸಿದ್ದೂ ಕಲಿಸಿದ್ದೂ ಇದೇ. ಮೂರು ತಿಂಗಳಾದಾಗ ಕ್ಯಾಷಿಯರ್ ಪುಟ ತುಂಬಿತ್ತು, ಲೆಕ್ಕಿಗರ ಪುಟ ತುಂಬಿತ್ತು, ನನ್ನ ಟೇಬಲ್ಲಿನ ಎದುರಿಗೆ ಕೂರುವ ಗುಮಾಸ್ತರದ್ದಂತೂ ಎರಡನೇ ಪುಟಕ್ಕೆ ಹೋಗಿತ್ತು. ಪಿಗ್ಮಿ ಸಂಗ್ರಹಿಸುವ ಮೂವರ ಪುಟಗಳೂ ರಾತ್ರಿ ಕಾವಲುಗಾರರ ಪುಟವೂ ಬಿಳಿಯಾಗಿದ್ದವು. ಅವರು ಏನೂ ಮಾಡಿರಲಿಲ್ಲವೇ? ಸಂಘದ ದಿನದ ಠೇವಣಿಯಲ್ಲಿ ದೊಡ್ಡ ಪಾಲು ಬರುವುದೇ ಪಿಗ್ಮಿಯವರಿಂದ. ನನ್ನ ಕೃತಜ್ಞತೆ ನನ್ನ ಕಣ್ಣಳತೆಯಲ್ಲಿ ಕೂತವರಿಗೆ ಮಾತ್ರ ಸಲ್ಲುತ್ತಿತ್ತು ಎಂಬುದನ್ನು ಖಾಲಿ ಪುಟ ಹೇಳಿತು. ಕಿರ್ದಿಯೊಂದನ್ನೇ ಬರೆಯುತ್ತ ಹೋಗಿದ್ದರೆ ಇದು ಎಂದೂ ಗೊತ್ತಾಗುತ್ತಿರಲಿಲ್ಲ, ನಾನು ಬಹಳ ಕೃತಜ್ಞ ಮನುಷ್ಯ ಎಂಬ ಭ್ರಮೆಯಲ್ಲೇ ಇರುತ್ತಿದ್ದೆ.

ಇನ್ನು ಬರೆದದ್ದನ್ನು ಹೇಳುವ ಮಾತು. ಆಡಮ್ ಗ್ರಾಂಟ್ ಮತ್ತು ಫ್ರಾನ್ಚೆಸ್ಕಾ ಜೀನೋ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಶ್ವವಿದ್ಯಾಲಯವೊಂದಕ್ಕೆ ಫೋನ್ ಮಾಡಿ ದೇಣಿಗೆ ಎತ್ತುವವರ ಬಳಿಗೆ ಅವರ ಮೇಲಧಿಕಾರಿ ಖುದ್ದಾಗಿ ಬಂದು ಉಪಕಾರ ನೆನೆದ ಮೇಲೆ, ಮುಂದಿನ ವಾರ ಅವರು ಮಾಡಿದ ಕರೆಗಳ ಸಂಖ್ಯೆ ಶೇ. 50ಕ್ಕಿಂತ ಹೆಚ್ಚು ಏರಿತು. ತಮ್ಮ ಕೆಲಸಕ್ಕೆ ಬೆಲೆಯಿದೆ ಎಂಬ ಅನಿಸಿಕೆಯೇ ಕಾರಣ ಎಂದು ಲೇಖಕರು ವಿವರಿಸಿದರು. ಈ ಸಂಖ್ಯೆಯನ್ನು ತರಬೇತುದಾರರು ಬಹಳ ಪ್ರೀತಿಯಿಂದ ಉಲ್ಲೇಖಿಸುತ್ತಾರೆ. ಅಲ್ಲಿ ಇದ್ದವರು 41 ಮಂದಿ ಮಾತ್ರ ಎಂಬುದನ್ನೂ, ಲೇಖಕರಲ್ಲೊಬ್ಬರ ಬೇರೆ ಕೆಲವು ಪ್ರಬಂಧಗಳ ದತ್ತಾಂಶದ ಮೇಲೆ ಇತ್ತೀಚೆಗೆ ಗಂಭೀರ ಆಕ್ಷೇಪಗಳು ಬಂದಿವೆ ಎಂಬುದನ್ನೂ ಅವರು ಹೇಳುವುದಿಲ್ಲ. ಕೆಲಸ ಹೆಚ್ಚಿಸುವ ಉಪಾಯವೆಂದು ಇದನ್ನು ಹಿಡಿಯುವವರು ಹೇಗೂ ಎಡವುತ್ತಾರೆ. ತನ್ನನ್ನು ಉಬ್ಬಿಸುತ್ತಿದ್ದಾರೆ ಎಂಬ ವಾಸನೆ ಕೆಳಗಿನವರ ಮೂಗಿಗೆ ಬಹಳ ಬೇಗ ಬಡಿಯುತ್ತದೆ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳು. ಕೃತಜ್ಞತೆಯ ಪತ್ರ ಬರೆದವರು, ಓದುವವರಿಗೆ ಮುಜುಗರವಾದೀತು ಎಂದು ಹೆಚ್ಚಾಗಿ ಊಹಿಸಿದ್ದರು, ಸಂತೋಷವಾದೀತು ಎಂದು ಕಡಿಮೆ ಊಹಿಸಿದ್ದರು. ಎರಡೂ ಊಹೆ ತಪ್ಪಾಗಿದ್ದವು. ಬರೆಯುವವರ ಚಿಂತೆಯೆಲ್ಲ ಪದಗಳು ಸರಿಯಾಗಿವೆಯೇ ಎಂದು, ಓದುವವರಿಗೆ ತಟ್ಟಿದ್ದು ಅದರ ಹಿಂದಿನ ಅಕ್ಕರೆ. 'ಇಷ್ಟು ವರ್ಷ ಇಲ್ಲದ್ದು ಈಗೇಕೆ' ಎಂಬ ಸಂಕೋಚ ನಮ್ಮ ಕಡೆಯ ಗಂಡಸರಲ್ಲಿ, ಅದರಲ್ಲೂ ಐವತ್ತು ದಾಟಿದವರಲ್ಲಿ, ಬೆಟ್ಟದಷ್ಟಿರುತ್ತದೆ. ಆ ಸಂಕೋಚಕ್ಕೆ ಆಧಾರ ಕಡಿಮೆ ಎಂದು ತಿಳಿದದ್ದೇ ನನಗೆ ಒಂದು ಧೈರ್ಯವಾಯಿತು.

ಹೇಗೆ ಹೇಳಬೇಕು ಎಂಬುದಕ್ಕೆ ಚಿತ್ರದುರ್ಗದ ಕೋಟೆಯನ್ನೇ ನೋಡಬಹುದು. ಏಳು ಸುತ್ತಿನ ಆ ಕೋಟೆಯಲ್ಲಿ ಹೈದರಾಲಿಯ ಸೈನಿಕರು ನುಸುಳಿದ ಕಿಂಡಿಯನ್ನು ನಾಯಕರ ಹೆಸರಿನಿಂದ ಕರೆಯುವುದಿಲ್ಲ. ಕಹಳೆ ಊದುವ ಕಾವಲುಗಾರನ ಹೆಂಡತಿಯ ಹೆಸರಿನಿಂದ ಓಬವ್ವನ ಕಿಂಡಿ ಎನ್ನುತ್ತೇವೆ. ಅವಳನ್ನು ವೀರವನಿತೆ ಎಂಬ ಬಿರುದೊಂದರಿಂದಲೇ ನೆನೆಯದೆ, ಕೈಯಲ್ಲಿದ್ದ ಒನಕೆಯನ್ನೂ ಹೆಸರಿಗೆ ಸೇರಿಸಿದ್ದೇವೆ. ಯಾರು, ಎಲ್ಲಿ, ಯಾವುದರಿಂದ ಎಂಬುದೆಲ್ಲ 'ಒನಕೆ ಓಬವ್ವನ ಕಿಂಡಿ' ಎಂಬ ಮೂರು ಪದಗಳಲ್ಲಿ ಉಳಿದುಬಂದಿದೆ. 'ನೀವು ಒಳ್ಳೆಯ ಕೆಲಸಗಾರರು' ಎಂಬ ಹೊಗಳಿಕೆಗೆ ಆ ನೆನಪಿನ ಶಕ್ತಿ ಇಲ್ಲ. 'ನಿನ್ನೆ ಆ ಅಜ್ಜಿಯನ್ನು ಕೂರಿಸಿ ಎರಡನೇ ಸಲ ಕೇಳಿದಿರಲ್ಲ, ಅದರಿಂದ ದುಡ್ಡು ಉಳಿಯಿತು' ಎಂದರೆ ಹೇಳಿಸಿಕೊಂಡವರಿಗೆ ತಾವು ಮಾಡಿದ್ದು ಯಾರ ಕಣ್ಣಿಗೋ ಬಿದ್ದಿದೆ ಎಂಬುದು ಖಚಿತವಾಗುತ್ತದೆ. ಎಲ್ಲರೆದುರು ಹೇಳಬೇಕೋ ಒಬ್ಬರೇ ಇದ್ದಾಗ ಹೇಳಬೇಕೋ ಎಂಬುದು ಆಯಾ ಮನುಷ್ಯನ ಸ್ವಭಾವ ಬಲ್ಲವರು ತೀರ್ಮಾನಿಸಬೇಕಾದದ್ದು. ನಮ್ಮ ಕಾವಲುಗಾರರನ್ನು ಸಭೆಯಲ್ಲಿ ನಿಲ್ಲಿಸಿ ಹೊಗಳಿದರೆ ಅವರು ಮರುದಿನ ರಜೆ ಹಾಕುತ್ತಾರೆ.

ಒಂದು ಎಚ್ಚರಿಕೆಯನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಹಳ್ಳಿಗಳಲ್ಲಿ ಹಿಂದೆ ಸುಗ್ಗಿಯ ಹೊತ್ತಿಗೆ, ಕಣದಲ್ಲಿ ರಾಶಿ ಆದ ಮೇಲೆ, ಧಾನ್ಯವನ್ನು ಮನೆಗೆ ಸಾಗಿಸುವ ಮೊದಲು ಬಡಗಿ, ಕಮ್ಮಾರ, ಅಗಸ, ಕ್ಷೌರಿಕ ಮುಂತಾದ ಆಯಗಾರರಿಗೆ ಅವರವರ ಆಯ ಅಳೆದು ಕೊಡುವ ಪದ್ಧತಿಯಿತ್ತು. ವರ್ಷವಿಡೀ ನೇಗಿಲು, ಕುಳ, ಬಟ್ಟೆ ನೋಡಿಕೊಂಡವರನ್ನು ಹೆಸರು ಹೆಸರಾಗಿ ನೆನೆಯುವ ಕ್ರಮವೆಂದು ಇದನ್ನು ಇಂದು ಮೆಚ್ಚುವವರಿದ್ದಾರೆ. ಆದರೆ ಆಯ ಎಂಬುದು ಕೂಲಿ, ಅದು ಅವರ ಹಕ್ಕು. ಆ ಹಕ್ಕನ್ನು ಕೊಡುವವನ ಔದಾರ್ಯವೆಂಬಂತೆ ನಡೆಸಿಕೊಂಡು, ತೆಗೆದುಕೊಳ್ಳುವವನು ಕಣದ ಅಂಚಿನಲ್ಲಿ ಕೈಯೊಡ್ಡಿ ನಿಲ್ಲುವಂತೆ ಮಾಡಿದ್ದು ಜಾತಿಯ ಏಣಿ. ಇಂದಿನ ಕಚೇರಿಯಲ್ಲೂ ಅದೇ ತಪ್ಪಾಗಬಹುದು. ಹೆಚ್ಚುವರಿ ದುಡಿಮೆಯ ಹಣ, ತಡವಾದ ಬಡ್ತಿ, ಭವಿಷ್ಯನಿಧಿ ಇವೆಲ್ಲ ಸಲ್ಲಬೇಕಾದ ಬಾಕಿಗಳು. ಅವನ್ನು ತೀರಿಸದೆ ಬೆನ್ನು ತಟ್ಟಿದರೆ ಅದು ಬಾಯುಪಚಾರವಲ್ಲದೆ ಬೇರೇನಲ್ಲ. ನನ್ನ ಕಿರ್ದಿಯಲ್ಲಿ ಒಬ್ಬರ ಹೆಸರಿಗೆ 'ರಾತ್ರಿ ಎಂಟರವರೆಗೆ ಕೂತರು' ಎಂದು ತಿಂಗಳಲ್ಲಿ ಆರು ಸಲ ಬಂದರೆ, ಅದು ಕೃತಜ್ಞತೆಯ ವಿಷಯವಾಗಿ ಉಳಿಯುವುದಿಲ್ಲ. ಇನ್ನೊಬ್ಬರನ್ನು ನೇಮಿಸಿಕೊಳ್ಳಿ ಎಂದು ಆಡಳಿತ ಮಂಡಳಿಯ ಮುಂದೆ ಇಡಬೇಕಾದ ವಿಷಯವಾಗುತ್ತದೆ. ಒಮ್ಮೆ ಇಟ್ಟೆ, ಒಬ್ಬರನ್ನು ಅರೆಕಾಲಿಕವಾಗಿ ಮಂಜೂರು ಮಾಡಿದರು.

ಎತ್ತಿಗೆ ಕಾರಹುಣ್ಣಿಮೆ, ಯಂತ್ರಕ್ಕೆ ಆಯುಧಪೂಜೆ ಎಂದು ನಾವು ದಿನ ಗೊತ್ತುಮಾಡಿದ್ದೇವೆ. ನಮ್ಮ ಸಂಘದಲ್ಲಿ ನೋಟು ಎಣಿಸುವ ಯಂತ್ರಕ್ಕೂ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕುತ್ತೇವೆ. ಆ ದಿನ ಎಣಿಸುವವರ ಕೈಗೆ ಸಿಗುವುದು ಒಂದು ಸಿಹಿ ಪೊಟ್ಟಣ. ವರ್ಷಕ್ಕೊಮ್ಮೆಯ ಆಚರಣೆಯನ್ನು ನಾನು ಹಳಿಯುತ್ತಿಲ್ಲ, ಆದರೆ ಅದು ದಿನದ ಗಮನಕ್ಕೆ ಬದಲಿಯಾಗಲಾರದು.

ಅಭ್ಯಾಸ ತಪ್ಪುತ್ತದೆ. ಮಾರ್ಚ್ ತಿಂಗಳಲ್ಲಿ ನನ್ನ ಪುಸ್ತಕ ಸತತ 11 ದಿನ ಖಾಲಿ ಇತ್ತು. ಬಿಟ್ಟುಹೋದದ್ದನ್ನು ನೆನಪಿನಿಂದ ತುಂಬಲು ಹೋಗಬಾರದು, ಹಾಗೆ ತುಂಬಿದ ನಮೂದುಗಳೆಲ್ಲ ಸುಳ್ಳು ವೋಚರುಗಳಂತಿರುತ್ತವೆ. ಆ ದಿನದಿಂದ ಮತ್ತೆ ಬರೆದರೆ ಸಾಕು. ಏನೂ ಹೊಳೆಯದ ದಿನ 'ಇಂದು ನೋಡಲಿಲ್ಲ' ಎಂದು ಬರೆಯುತ್ತೇನೆ. ಅದೂ ಒಂದು ನಮೂದೇ.

ಖಾಲಿ ಪುಟಗಳಿಗೆ ಮದ್ದು ಒಂದೇ ಇತ್ತು, ಕುರ್ಚಿಯಿಂದ ಏಳುವುದು. ಒಂದು ಸಂಜೆ ಆರು ಗಂಟೆಗೆ ನಮ್ಮ ಪಿಗ್ಮಿ ಸಂಗ್ರಹಕಾರರೊಬ್ಬರ ಜೊತೆ ಚೌಕಿಪೇಟೆಗೆ ಹೊರಟೆ. ಎರಡೂವರೆ ಗಂಟೆಯಲ್ಲಿ 38 ಅಂಗಡಿಗಳು. ಒಂದು ಬಾಗಿಲಲ್ಲಿ 50 ರೂಪಾಯಿ, ಇನ್ನೊಂದರಲ್ಲಿ 'ನಾಳೆ ಬಾರಪ್ಪ', ಮತ್ತೊಂದರಲ್ಲಿ ಅರ್ಧ ಲೋಟ ಚಹಾ. ಮುಚ್ಚಿದ್ದ ಒಂದು ಷಟರಿನ ಮುಂದೆ ಅವರು ನಿಂತು, ಆ ಅಂಗಡಿಯವರ ತಾಯಿ ತೀರಿಕೊಂಡದ್ದನ್ನೂ, ಅವರ ಸಾಲದ ನೋಟಿಸು ಅದೇ ವಾರ ಹೋಗಬೇಕಿದ್ದದ್ದು ಗೊತ್ತಿದ್ದರಿಂದ ತಾವು ಗುಮಾಸ್ತರಿಗೆ ಹೇಳಿ ಹದಿಮೂರು ದಿನ ತಡೆಸಿದ್ದನ್ನೂ, ಮಾತಿನ ನಡುವೆ ಹೇಳಿದರು. ನೋಟಿಸು ತಡವಾದದ್ದು ಮಾತ್ರ ನನಗೆ ತಿಳಿದಿತ್ತು, ಅದಕ್ಕಾಗಿ ಗುಮಾಸ್ತರನ್ನು ಗದರಿಸಿಯೂ ಇದ್ದೆ.

ಮರುದಿನ ಅದನ್ನು ಅವರ ಪುಟಕ್ಕೆ ಬರೆದು, ಅವರನ್ನು ಕರೆದು ಓದಿ ಹೇಳಿದೆ. ಅವರು ಪುಸ್ತಕದೊಳಗೆ ಇಣುಕಿ ನೋಡಿ, 'ಸಾರ್, ಮಂಗಳವಾರ ಅಂತ ಬರ್ದಿದೀರಿ, ಆ ಅಂಗಡಿಯವ್ರ ತಾಯಿ ಹೋಗಿದ್ದು ಸೋಮವಾರ' ಎಂದರು. ಹೊಡೆದುಹಾಕಿ ಸೋಮವಾರ ಎಂದು ತಿದ್ದಿದೆ, ತಿದ್ದಿದಲ್ಲಿ ಲೆಕ್ಕದ ಪುಸ್ತಕಗಳಲ್ಲಿ ಮಾಡುವಂತೆ ಇಬ್ಬರೂ ಸಹಿ ಹಾಕಿದೆವು.